ಕಾರವಾರ, ಶಿರಸಿಯಿಂದ ದೂರದ ಕನ್ಸರ್ಟ್‌ಗೆ: ಟಿಕೆಟ್ ಹಿಡಿಯುವುದರಿಂದ ವಾಪಸ್ ಬರುವ ತನಕ

ದೊಡ್ಡ ಗಾಯಕರೋ ಬ್ಯಾಂಡೋ ಭಾರತಕ್ಕೆ ಬರುತ್ತಾರೆ ಅಂತ ಸುದ್ದಿ ಬಂದ ಕೂಡಲೇ ನಮ್ಮ ಕಡೆಯ ಓದುಗರು ಕೇಳುವುದು ಎರಡೇ ಪ್ರಶ್ನೆ. ಟಿಕೆಟ್ ಸಿಗಬಹುದಾ? ಸಿಕ್ಕರೆ ಹೋಗಿ ಬರುವುದು ಹೇಗೆ? ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಗೆಳೆಯರ ಗುಂಪಿನಲ್ಲಿ ವಾದವೂ ಶುರುವಾಗುತ್ತದೆ. ಒಬ್ಬರು ಐದೇ ನಿಮಿಷದಲ್ಲಿ ಖಾಲಿ ಅನ್ನುತ್ತಾರೆ. ಇನ್ನೊಬ್ಬರು ಕೊನೆಯ ವಾರ ಅರ್ಧ ಬೆಲೆಗೆ ಸಿಗುತ್ತದೆ ಅನ್ನುತ್ತಾರೆ. ಮತ್ತೊಬ್ಬರು ಮೊದಲು ಟಿಕೆಟ್ ಸಿಗಲಿ, ರೈಲು ಆಮೇಲೆ ನೋಡೋಣ ಅನ್ನುತ್ತಾರೆ.

ಈ ಮೂರನೇ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೊಂದುವುದಿಲ್ಲ. ಬೆಂಗಳೂರು, ಮುಂಬೈನಲ್ಲಿ ಇರುವವರಿಗೆ ಟಿಕೆಟ್ ಸಿಕ್ಕರೆ ಅರ್ಧ ಅಲ್ಲ, ಮುಕ್ಕಾಲು ಕೆಲಸ ಮುಗಿದ ಹಾಗೆ. ನಮಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಆದ್ದರಿಂದ ಟಿಕೆಟ್, ರೈಲು, ರೂಮು, ವಾಪಸ್ ಪ್ರಯಾಣ ನಾಲ್ಕನ್ನೂ ಒಂದೇ ಲೆಕ್ಕವಾಗಿ ನೋಡಿ. ಅದರಲ್ಲೂ ವಾಪಸ್ ಬರುವುದನ್ನು ಮೊದಲು ಯೋಚಿಸಿ. ಕೆಳಗಿನ ಹಂತಗಳು ಕೆಲಸ ಮಾಡಬೇಕಾದ ಕ್ರಮದಲ್ಲಿವೆ.

ಮೊದಲೇ ಸಿದ್ಧವಾಗಿರಬೇಕಾದದ್ದು

ಟಿಕೆಟ್ ಮಾರುವ ಆ್ಯಪ್‌ನಲ್ಲಿ ನಿಮ್ಮದೇ ಹೆಸರಿನ ಖಾತೆ ಬೇಕು. ಈಗ ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಹೆಚ್ಚಾಗಿ ಬುಕ್‌ಮೈಶೋ ಅಥವಾ ಡಿಸ್ಟ್ರಿಕ್ಟ್ ಅನ್ನುವ ಆ್ಯಪ್‌ನಲ್ಲಿ ಬರುತ್ತದೆ. ಆಧಾರ್ ದೃಢೀಕರಣ ಆಗಿರುವ ಐಆರ್‌ಸಿಟಿಸಿ ಖಾತೆ ಬೇಕು. ಹಣ ಕಟ್ಟಲು ಎರಡು ದಾರಿ ಇರಲಿ: ಒಂದು ಕಾರ್ಡ್, ಒಂದು ಯುಪಿಐ. ಸರ್ಕಾರಿ ಗುರುತಿನ ಚೀಟಿ ಬೇಕು. ಇದರ ಜೊತೆ ಗುಂಪಿನಲ್ಲಿ ಯಾರು ಬರುತ್ತಾರೆ, ಯಾರು ಬರಲ್ಲ ಅನ್ನುವುದು ಮಾರಾಟದ ಹಿಂದಿನ ದಿನವೇ ಖಚಿತವಾಗಿರಬೇಕು. "ನೋಡೋಣ, ಬಂದ್ರೂ ಬರಬಹುದು" ಅನ್ನುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ಪ್ರೀಸೇಲ್ ಅಂದರೆ ಎಲ್ಲರಿಗೂ ಮಾರುವ ಮೊದಲು ಕೆಲವರಿಗೆ ಮಾತ್ರ, ಹೆಚ್ಚಾಗಿ ಒಂದು ಬ್ಯಾಂಕಿನ ಕಾರ್ಡ್ ಇರುವವರಿಗೆ, ನಡೆಯುವ ಮಾರಾಟ. ವೇಟಿಂಗ್ ರೂಮ್ ಅಂದರೆ ಮಾರಾಟ ಶುರುವಾಗುವ ಮೊದಲು ಆ್ಯಪ್ ನಿಮ್ಮನ್ನು ಕೂರಿಸುವ ಪುಟ. ಕ್ಯೂ ಅಂದರೆ ಆಮೇಲೆ ನಿಮಗೆ ಸಿಗುವ ಸರದಿ ಸಂಖ್ಯೆ. ಸ್ಟ್ಯಾಂಡಿಂಗ್ ಟಿಕೆಟ್ ಅಂದರೆ ಕುರ್ಚಿ ಇಲ್ಲ, ಮೈದಾನದಲ್ಲಿ ನಿಂತೇ ನೋಡಬೇಕು. ರೀಸೇಲ್ ಅಂದರೆ ಒಬ್ಬರು ಕೊಂಡದ್ದನ್ನು ಇನ್ನೊಬ್ಬರಿಗೆ ಮಾರುವುದು.

ಹಂತ 1: ಬೇಡಿಕೆ ಎಷ್ಟಿರಬಹುದು ಅಂತ ಅಂದಾಜು ಮಾಡಿ

ಗುಂಪಿನಲ್ಲಿ ಎಷ್ಟು ವಾದ ಮಾಡಿದರೂ ಇದು ತೀರ್ಮಾನ ಆಗುವುದಿಲ್ಲ. ಆದರೆ ಮೂರು ವಿಷಯ ನೋಡಿದರೆ ಒಂದು ಅಂದಾಜು ಸಿಗುತ್ತದೆ: ಆ ಕಲಾವಿದರು ದೇಶದಲ್ಲಿ ಎಷ್ಟು ಊರಲ್ಲಿ ಹಾಡುತ್ತಾರೆ, ಮೈದಾನ ಎಷ್ಟು ದೊಡ್ಡದು, ಇದಕ್ಕೂ ಮೊದಲು ಇಲ್ಲಿಗೆ ಬಂದಿದ್ದರಾ.

2025ರ ಜನವರಿಯಲ್ಲಿ ಬ್ರಿಟನ್ನಿನ ಬ್ಯಾಂಡ್ ಕೋಲ್ಡ್‌ಪ್ಲೇ ಬಂದಾಗ ಮೊದಲು ಘೋಷಣೆ ಆದದ್ದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಎರಡೇ ದಿನ, ಜನವರಿ 18 ಮತ್ತು 19. ಇಡೀ ದೇಶಕ್ಕೆ ಒಂದೇ ಊರು. 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ ಮಾರಾಟ ಶುರುವಾದಾಗ ಲಕ್ಷಗಟ್ಟಲೆ ಸರದಿ ಸಂಖ್ಯೆ ಕಂಡು ಜನ ಕಂಗಾಲಾದರು. ಅದೇ ದಿನ 21ಕ್ಕೆ ಮೂರನೇ ಕಾರ್ಯಕ್ರಮ ಸೇರಿಸಿದರು. ಆಮೇಲೆ ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ 25 ಮತ್ತು 26ಕ್ಕೆ ಇನ್ನೂ ಎರಡು ಸೇರಿಕೊಂಡವು. ಅದು 1,32,000 ಜನ ಕೂರಬಹುದಾದ ಜಾಗ.

ಅದೇ ಸಮಯಕ್ಕೆ ಬಂದ ಬ್ರಿಟಿಷ್ ಗಾಯಕ ಎಡ್ ಶೀರನ್ ಅವರ ಪ್ರವಾಸ ಬೇರೆ ಥರ ಇತ್ತು. ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿ ಹೀಗೆ ಆರು ಕಡೆ. ಜನ ಹಂಚಿಹೋದರು. ಬೆಂಗಳೂರಿನಲ್ಲಿ ಫೆಬ್ರವರಿ 8ರ ಜೊತೆಗೆ 9 ಕೂಡ ಸೇರಿತು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು. ಒಂದೇ ಊರಾದರೆ ಮಾರಾಟದ ಮೊದಲ ನಿಮಿಷದಲ್ಲೇ ಇರಬೇಕು. ಐದಾರು ಊರಾದರೆ ಸ್ವಲ್ಪ ಉಸಿರಾಡಬಹುದು. ಬೇಡಿಕೆ ಹೆಚ್ಚಾದರೆ ಎರಡನೇ ದಿನ ಸೇರಿಸುವುದು ಈಗ ಮಾಮೂಲು, ಹಾಗಾಗಿ ಮೊದಲ ಸುತ್ತಿನಲ್ಲಿ ಸಿಗಲಿಲ್ಲ ಅಂತ ಆ್ಯಪ್ ಮುಚ್ಚಿ ಎದ್ದು ಹೋಗಬೇಡಿ. ಕೋಲ್ಡ್‌ಪ್ಲೇ ಮಾರಾಟದಲ್ಲಿ ಮೂರನೇ ದಿನದ ಟಿಕೆಟ್ ಸಿಕ್ಕಿದ್ದು ಕಾದು ಕೂತವರಿಗೆ.

ಹಂತ 2: ಯಾವ ಊರು ಅಂತ ರೈಲು ನೋಡಿ ನಿರ್ಧರಿಸಿ

ನಕ್ಷೆಯಲ್ಲಿ ಹತ್ತಿರ ಕಾಣುವ ಊರು ಪ್ರಯಾಣಕ್ಕೆ ಹತ್ತಿರ ಇರಬೇಕು ಅಂತಿಲ್ಲ. ಕರಾವಳಿಯವರಿಗೂ ಘಟ್ಟದ ಮೇಲಿನವರಿಗೂ ಲೆಕ್ಕ ಬೇರೆ ಬೇರೆ.

*ಕರಾವಳಿಯಿಂದ ಬೆಂಗಳೂರಿಗೆ:* ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಕಾರವಾರದಿಂದ ಸಂಜೆ ಹೊರಟು ಬೆಳಿಗ್ಗೆ ಬೆಂಗಳೂರು. ಬೆಂಗಳೂರಿನಿಂದಲೂ ಸಂಜೆ ಹೊರಟು ಬೆಳಿಗ್ಗೆ ಕಾರವಾರ. ಶನಿವಾರದ ಕಾರ್ಯಕ್ರಮಕ್ಕೆ ಇದು ಸರಿಯಾಗಿ ಹೊಂದುತ್ತದೆ. ಶುಕ್ರವಾರ ಸಂಜೆ ಹತ್ತಿ, ಭಾನುವಾರ ಸಂಜೆ ವಾಪಸ್ ಹತ್ತಿದರೆ ಸೋಮವಾರ ಬೆಳಿಗ್ಗೆ ಊರಲ್ಲಿ. ಭಾನುವಾರದ ಕಾರ್ಯಕ್ರಮವಾದರೆ ವಾಪಸ್ ರೈಲು ಸೋಮವಾರ ಸಂಜೆ, ಊರು ಸೇರುವುದು ಮಂಗಳವಾರ. ರಜೆ ಜಾಸ್ತಿ ಬೇಕು. ಎರಡೂ ದಿನ ಕಾರ್ಯಕ್ರಮ ಇದ್ದರೆ ನಮ್ಮವರು ಶನಿವಾರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ದೊಡ್ಡ ಕನ್ಸರ್ಟ್‌ಗಳು ಈಚೆಗೆ ತುಮಕೂರು ರಸ್ತೆಯ ಮಾದಾವರದ ಕಡೆ, ನೈಸ್ ಗ್ರೌಂಡ್‌ನಲ್ಲಿ ನಡೆಯುತ್ತಿವೆ. ಎಡ್ ಶೀರನ್ ಹಾಡಿದ್ದೂ ಅಲ್ಲೇ. ಇದು ನಮಗೆ ಅನುಕೂಲ. ಪಂಚಗಂಗಾದಲ್ಲಿ ಮೆಜೆಸ್ಟಿಕ್ ತನಕ ಹೋಗಬೇಡಿ, ಯಶವಂತಪುರದಲ್ಲೇ ಇಳಿಯಿರಿ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ನೇರ ಮಾದಾವರಕ್ಕೆ ಹೋಗುತ್ತದೆ. ನಾಗಸಂದ್ರದಿಂದ ಮುಂದಿನ ಈ ಭಾಗ 2024ರ ನವೆಂಬರ್‌ನಲ್ಲಿ ಶುರುವಾಯಿತು. ಹಳೆಯ ಸಲಹೆ ನಂಬಿ ನಾಗಸಂದ್ರದಲ್ಲಿ ಇಳಿದು ಆಟೋ ಹುಡುಕಬೇಡಿ.

*ಶಿರಸಿ, ಸಿದ್ದಾಪುರದಿಂದ ಬೆಂಗಳೂರಿಗೆ:* ಶಿರಸಿಗೆ ರೈಲಿಲ್ಲ. ತಾಳಗುಪ್ಪಕ್ಕೆ ಹೋಗಿ ರಾತ್ರಿ ರೈಲು ಹಿಡಿಯಬಹುದು, ಸಿದ್ದಾಪುರದವರಿಗೆ ಅದು ತುಂಬ ಹತ್ತಿರ. ಆದರೆ ಶಿರಸಿಯವರಿಗೆ ರಾತ್ರಿ ಬಸ್ಸೇ ಸುಲಭ. ಹಾವೇರಿ, ದಾವಣಗೆರೆ ಮೇಲೆ ಹೋಗುವ ಬಸ್ಸು ಬೆಂಗಳೂರಿಗೆ ನುಗ್ಗುವುದು ತುಮಕೂರು ರಸ್ತೆಯಿಂದಲೇ. ಅಂದರೆ ಮಾದಾವರ ಮೊದಲು, ಯಶವಂತಪುರ ಆಮೇಲೆ, ಮೆಜೆಸ್ಟಿಕ್ ಕೊನೆಗೆ. ರೂಮು ಪೀಣ್ಯ, ಜಾಲಹಳ್ಳಿ ಕಡೆ ಮಾಡಿಕೊಂಡರೆ ಪೇಟೆಯ ಒಳಗೆ ಹೋಗುವ ಕೆಲಸವೇ ಇಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸು ರಾಜ್ಯದ ಒಳಗೆ ಉಚಿತ. ಸ್ಲೀಪರ್, ರಾಜಹಂಸ, ಎಸಿ ಬಸ್ಸಿಗೆ ಅದು ಇಲ್ಲ.

*ಮುಂಬೈಗೆ:* ಕರಾವಳಿಯವರಿಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್. ಕಾರವಾರದಲ್ಲಿ ಸಂಜೆ ಹತ್ತಿದರೆ ಬೆಳಗಿನ ಜಾವ ಪನ್ವೇಲ್. ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ಹೋಗುವವರು ಪನ್ವೇಲ್‌ನಲ್ಲೇ ಇಳಿಯಬೇಕು. ಅಲ್ಲಿಂದ ಹಾರ್ಬರ್ ಮಾರ್ಗದ ಲೋಕಲ್‌ನಲ್ಲಿ ಖಾರ್ಘರ್, ಬೇಲಾಪುರ, ಸೀವುಡ್ಸ್ ದಾಟಿದರೆ ನೆರುಳ್. ಕ್ರೀಡಾಂಗಣ ಅಲ್ಲೇ. ಲೋಕಮಾನ್ಯ ತಿಲಕ್ ಟರ್ಮಿನಸ್ ತನಕ ಹೋದರೆ ಸುಮ್ನೆ ಮುಂದೆ ಹೋಗಿ ಹಿಂದೆ ಬಂದ ಹಾಗಾಗುತ್ತದೆ. ಆದರೆ ಕಾರ್ಯಕ್ರಮ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಇದ್ದರೆ ತಿಲಕ್ ಟರ್ಮಿನಸ್ಸೇ ಹತ್ತಿರ. ಮುಂಬೈ ಅಂತ ಬರೆದಿದ್ದರೆ ಸಾಲದು, ಮೈದಾನ ಯಾವುದು ಅಂತ ನೋಡಿಯೇ ಇಳಿಯುವ ನಿಲ್ದಾಣ ಆರಿಸಿ.

ಶಿರಸಿಯವರು ಮುಂಬೈಗೆ ಹೋಗುವುದಾದರೆ ಕುಮಟಾಕ್ಕೆ ಇಳಿದು ರೈಲು ಹಿಡಿಯಬೇಕು, ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ದೇವಿಮನೆ ಘಟ್ಟದಲ್ಲಿ ಕೆಲಸ ನಡೆಯುವಾಗ ಅಥವಾ ಮಳೆಗೆ ಗುಡ್ಡ ಜಾರಿದಾಗ ರಸ್ತೆ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ವಿಚಾರಿಸಿ, ರೈಲಿಗೆ ಎರಡು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡಿ.

*ದೆಹಲಿ, ಅಹಮದಾಬಾದ್‌ನಂಥ ದೂರಕ್ಕೆ:* ವಿಮಾನವೇ ಆಗಬೇಕು ಅನ್ನುವವರು ಗೋವಾದಲ್ಲಿ ಎರಡು ನಿಲ್ದಾಣ ಇವೆ ಅನ್ನುವುದನ್ನು ಮರೆಯಬೇಡಿ. ಕಾರವಾರಕ್ಕೆ ಹತ್ತಿರದ್ದು ದಾಬೋಲಿಂ. ಮೋಪಾ ಇರುವುದು ಉತ್ತರ ಗೋವಾದ ತುದಿಯಲ್ಲಿ. ಎರಡಕ್ಕೂ ಬೆಲೆ ಹೋಲಿಸುವಾಗ ಮೋಪಾಕ್ಕೆ ಹೋಗುವ ಟ್ಯಾಕ್ಸಿ ಖರ್ಚನ್ನೂ ಸೇರಿಸಿ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ವಿಮಾನ ನಿಲ್ದಾಣ ಒಳ್ಳೆಯದು.

ಹಂತ 3: ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿ

ಜನ ಜಾಸ್ತಿ ಎಡವುವುದು ಇಲ್ಲಿ. ಕನ್ಸರ್ಟ್ ಟಿಕೆಟ್ ಮೂರು ನಾಲ್ಕು ತಿಂಗಳು ಮೊದಲೇ ಮಾರಾಟ ಆಗಿಬಿಡುತ್ತದೆ. ರೈಲಿನ ಬುಕಿಂಗ್ ತೆರೆಯುವುದು ಮಾತ್ರ 60 ದಿನ ಮೊದಲು. ಮುಂಚೆ 120 ದಿನ ಇತ್ತು, 2024ರ ನವೆಂಬರ್ 1ರಿಂದ ಇಳಿಸಿದರು. ಹೀಗಾಗಿ ಟಿಕೆಟ್ ಕೊಂಡ ಖುಷಿಯಲ್ಲಿ ರೈಲು ಮರೆತುಹೋಗುತ್ತದೆ. ನೆನಪಾಗುವ ಹೊತ್ತಿಗೆ ವೇಟಿಂಗ್ ಲಿಸ್ಟ್.

ಟಿಕೆಟ್ ಸಿಕ್ಕ ದಿನವೇ ಎರಡು ತಾರೀಖು ಬರೆದಿಟ್ಟುಕೊಳ್ಳಿ. ಹೊರಡುವ ದಿನವನ್ನು ಬಿಟ್ಟು ಅದಕ್ಕಿಂತ 60 ದಿನ ಹಿಂದಿನ ತಾರೀಖು ಒಂದು, ವಾಪಸ್ ಬರುವ ದಿನಕ್ಕೆ ಹೀಗೇ ಎಣಿಸಿದ ತಾರೀಖು ಇನ್ನೊಂದು. ಫೆಬ್ರವರಿ 7ಕ್ಕೆ ಹೊರಡುವುದಾದರೆ ಬುಕಿಂಗ್ ಡಿಸೆಂಬರ್ 9ಕ್ಕೆ, ಬೆಳಿಗ್ಗೆ 8 ಗಂಟೆಗೆ. ಫೆಬ್ರವರಿ 9ಕ್ಕೆ ವಾಪಸ್ ಬರುವುದಾದರೆ ಡಿಸೆಂಬರ್ 11ಕ್ಕೆ. ಎರಡೂ ದಿನ ಫೋನಿನಲ್ಲಿ ಅಲಾರಂ ಇಡಿ.

ಒಂದು ಎಚ್ಚರಿಕೆ. 60 ದಿನವನ್ನು ಎಣಿಸುವುದು ರೈಲು ಹೊರಡುವ ಊರಿನ ತಾರೀಖಿನಿಂದ, ನೀವು ಹತ್ತುವ ನಿಲ್ದಾಣದಿಂದ ಅಲ್ಲ. ಮಧ್ಯರಾತ್ರಿ ದಾಟಿದ ಮೇಲೆ ನಿಮ್ಮ ಊರಿಗೆ ಬರುವ ರೈಲಾದರೆ ಬುಕಿಂಗ್ ಒಂದು ದಿನ ಮೊದಲೇ ತೆರೆದಿರುತ್ತದೆ.

ದೊಡ್ಡ ಕನ್ಸರ್ಟ್‌ಗಳು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್ ಒಳಗೆ ಇರುತ್ತವೆ. ನಮ್ಮ ಕಡೆ ಅದು ಅಡಿಕೆ ಕೊಯ್ಲಿನ ಹೊತ್ತು, ಮನೆಯಲ್ಲಿ ಮೊದಲೇ ಹೇಳಿಡಿ. ಡಿಸೆಂಬರ್ ಕೊನೆಗೆ ಕೊಂಕಣ ರೈಲು ಗೋವಾಕ್ಕೆ ಹೋಗುವವರಿಂದ ತುಂಬಿರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ನಡೆಯುವ ದಿನಗಳಲ್ಲಿ ಶಿರಸಿಯ ಬಸ್ಸುಗಳ ಕಥೆ ನಿಮಗೇ ಗೊತ್ತು. ಮಳೆಗಾಲದ ಕಾರ್ಯಕ್ರಮವಾದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನೋಡಿ, ಆಗ ರೈಲುಗಳ ವೇಗ ಇಳಿಸಿ ಸಮಯ ಬದಲಿಸುತ್ತಾರೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನೂ, ಅದೇ ತಿಂಗಳು ಗೋವಾದ ಪೆರ್ನೆಂ ಸುರಂಗಕ್ಕೆ ನೀರು ನುಗ್ಗಿ ರೈಲು ನಿಂತದ್ದನ್ನೂ ನಾವು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಕಾರ್ಯಕ್ರಮದ ದಿನವೇ ಊರು ತಲುಪುವ ಹಾಗೆ ಯೋಜನೆ ಹಾಕಬೇಡಿ, ಒಂದು ದಿನ ಮುಂಚೆ ಹೋಗಿ.

ಹಂತ 4: ಟಿಕೆಟ್‌ಗಿಂತ ಮೊದಲು ರೂಮು

ಹಣ ಕಡಿತವಿಲ್ಲದೆ ರದ್ದು ಮಾಡಬಹುದಾದ ರೂಮನ್ನು ಮಾರಾಟದ ಹಿಂದಿನ ದಿನವೇ ಬುಕ್ ಮಾಡಿಬಿಡಿ. ಟಿಕೆಟ್ ಸಿಗದಿದ್ದರೆ ರದ್ದು ಮಾಡಿದರಾಯಿತು. ಕೋಲ್ಡ್‌ಪ್ಲೇ ಸಮಯದಲ್ಲಿ ನವಿ ಮುಂಬೈ, ಅಹಮದಾಬಾದ್ ಎರಡೂ ಕಡೆ ಹೋಟೆಲ್ ಬೆಲೆ ಏರಿದ್ದು ಟಿಕೆಟ್ ಮಾರಾಟ ಆದ ಕೂಡಲೇ. ರದ್ದು ಮಾಡಲು ಕೊನೆಯ ದಿನ ಯಾವುದು ಅಂತ ಓದಿ ಬರೆದಿಡಿ.

ಮೈದಾನದ ಪಕ್ಕದಲ್ಲೇ ರೂಮು ಬೇಕು ಅಂತ ಹಟ ಬೇಡ. ಅದೇ ರೈಲು ಮಾರ್ಗದಲ್ಲಿ ಇದ್ದರೆ ಸಾಕು. ನವಿ ಮುಂಬೈ ಆದರೆ ಪನ್ವೇಲ್, ಖಾರ್ಘರ್, ವಾಶಿ. ಬೆಂಗಳೂರಾದರೆ ಹಸಿರು ಮೆಟ್ರೋ ಮಾರ್ಗ. ಬೆಂಗಳೂರಲ್ಲಿ ನಮ್ಮ ಕಡೆಯವರ ನೆಂಟರಿಲ್ಲದ ಬಡಾವಣೆಯೇ ಇಲ್ಲ, ಆದರೆ ರಾತ್ರಿ ಹನ್ನೊಂದೂವರೆಗೆ ಬಾಗಿಲು ತಟ್ಟುವ ವಿಷಯ ಅವರಿಗೆ ಮೊದಲೇ ತಿಳಿಸಿರಬೇಕು.

ಹಂತ 5: ಮಾರಾಟದ ದಿನ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಜಿಲ್ಲೆಯವರು ಟಿಕೆಟ್ ಕಳೆದುಕೊಳ್ಳುವುದು ಹೆಚ್ಚಾಗಿ ಅದೃಷ್ಟ ಇಲ್ಲದೆ ಅಲ್ಲ, ನೆಟ್‌ವರ್ಕ್ ಇಲ್ಲದೆ.

ಘಟ್ಟದ ಮೇಲಿನ ಎಷ್ಟೋ ತೋಟದ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಚೆನ್ನಾಗಿದೆ, ಮೊಬೈಲ್ ಸಿಗ್ನಲ್ ಇಲ್ಲ. ಸಿನಿಮಾ ನೋಡಲು ಅದು ಸಾಕು. ಟಿಕೆಟ್ ಕೊಳ್ಳಲು ಸಾಲದು. ಯಾಕೆಂದರೆ ಕಾರ್ಡಿನಿಂದ ಹಣ ಕಟ್ಟುವಾಗ ಬರುವ ಒಟಿಪಿ ಎಸ್‌ಎಂಎಸ್‌ನಲ್ಲಿ ಬರುತ್ತದೆ, ಅದಕ್ಕೆ ಟವರ್ ಬೇಕು. ಕ್ಯೂನಲ್ಲಿ ಗಂಟೆಗಟ್ಟಲೆ ಕಾದು, ಸೀಟು ಆರಿಸಿ, ಒಟಿಪಿ ಬರದೆ ಸಮಯ ಮುಗಿದುಹೋದರೆ ಆಗುವ ಸಂಕಟ ಯಾರಿಗೂ ಬೇಡ. ಎರಡೂ ಸಿಗುವ ಜಾಗ ಯಾವುದು ಅಂತ ಹಿಂದಿನ ದಿನವೇ ಪರೀಕ್ಷಿಸಿ. ಮನೆಯಲ್ಲಿ ಇಲ್ಲದಿದ್ದರೆ ಪೇಟೆಯಲ್ಲಿರುವ ಗೆಳೆಯರ ಮನೆಗೆ ಹೋಗಿ ಕೂತುಕೊಳ್ಳಿ. ಕರೆಂಟ್ ಹೋದರೂ ರೂಟರ್ ನಡೆಯುವ ವ್ಯವಸ್ಥೆ ಇದೆಯಾ ನೋಡಿ. ಇಲ್ಲವಾದರೆ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಪಕ್ಕದಲ್ಲಿರಲಿ.

ಇನ್ನು ಕ್ರಮ ಹೀಗೆ:

1. ಹಿಂದಿನ ದಿನ ಆ್ಯಪ್ ಅಪ್‌ಡೇಟ್ ಮಾಡಿ, ಲಾಗಿನ್ ಆಗಿ, ಹೆಸರು, ಇಮೇಲ್, ವಿಳಾಸ ತುಂಬಿ. ವಿಳಾಸ ಯಾಕೆ ಅಂದರೆ ಕೆಲವು ಕಾರ್ಯಕ್ರಮಗಳಿಗೆ ಟಿಕೆಟ್ ಅಥವಾ ಒಳಗೆ ಬಿಡಲು ಕೈಗೆ ಕಟ್ಟುವ ಪಟ್ಟಿ ಕೊರಿಯರ್‌ನಲ್ಲಿ ಬರುತ್ತದೆ. ಹಳ್ಳಿಯ ಪಿನ್‌ಕೋಡ್‌ಗೆ ಕೊರಿಯರ್ ಬರದಿದ್ದರೆ ಶಿರಸಿ, ಕುಮಟಾ, ಕಾರವಾರ ಪೇಟೆಯ ವಿಳಾಸ ಕೊಡಿ.

2. ಹಣ ಕಟ್ಟುವ ಮಿತಿ ನೋಡಿ. ಹೊಸ ಫೋನಿಗೆ ಯುಪಿಐ ಹಾಕಿಕೊಂಡ ಮೊದಲ 24 ಗಂಟೆ 5,000 ರೂಪಾಯಿ ಮಿತಿ ಇರುತ್ತದೆ. ಕಾರ್ಡ್‌ನಲ್ಲಿ ಆನ್‌ಲೈನ್ ಖರೀದಿ ಬಂದ್ ಮಾಡಿಟ್ಟಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ.

3. ಎರಡು ಬೆಲೆಯ ವಿಭಾಗ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ: ಮೊದಲು ಇದು, ಇಲ್ಲದಿದ್ದರೆ ಇದು. ಕೋಲ್ಡ್‌ಪ್ಲೇ ಮುಂಬೈ ಟಿಕೆಟ್ 2,500 ರೂಪಾಯಿಯಿಂದ 35,000ದವರೆಗೆ ಇತ್ತು. ಅಷ್ಟು ಆಯ್ಕೆ ಎದುರಿಗೆ ಬಂದಾಗ ಗುಂಪಿನಲ್ಲಿ ಚರ್ಚೆ ಶುರು ಮಾಡಿದರೆ ಟಿಕೆಟ್ ಕೈಬಿಟ್ಟ ಹಾಗೆಯೇ. ತೋರಿಸಿದ ಬೆಲೆಯ ಮೇಲೆ ಬುಕಿಂಗ್ ಶುಲ್ಕವೂ ಸೇರುತ್ತದೆ.

4. ಮಾರಾಟಕ್ಕೆ ಮೊದಲೇ ವೇಟಿಂಗ್ ರೂಮಿಗೆ ಸೇರಿ. ಸಾಮಾನ್ಯವಾಗಿ ಒಳಗಿದ್ದ ಎಲ್ಲರಿಗೂ ಮಾರಾಟ ಶುರುವಾದಾಗ ಲಾಟರಿಯ ಹಾಗೆ ಸರದಿ ಹಂಚುತ್ತಾರೆ. ಆದ್ದರಿಂದ ಗಂಟೆಗಟ್ಟಲೆ ಮೊದಲೇ ಸೇರಿದರೆ ಲಾಭ ಇಲ್ಲ, ತಡವಾಗಿ ಸೇರಿದರೆ ನಷ್ಟ ಇದೆ.

5. ಕ್ಯೂನಲ್ಲಿರುವಾಗ ರಿಫ್ರೆಶ್ ಮಾಡಬೇಡಿ, ಹಿಂದಿನ ಪುಟಕ್ಕೆ ಹೋಗಬೇಡಿ, ಒಂದೇ ಖಾತೆಯನ್ನು ನಾಲ್ಕು ಕಡೆ ತೆರೆಯಬೇಡಿ. ನಾಲ್ಕು ಗೆಳೆಯರಿದ್ದರೆ ನಾಲ್ವರೂ ಅವರವರ ಖಾತೆಯಿಂದ ಕೂರಲಿ. ಒಬ್ಬರಿಗೆ ಸಿಕ್ಕ ಕೂಡಲೇ ಉಳಿದವರಿಗೆ ಫೋನ್ ಮಾಡಿ ಹೇಳಬೇಕು, ಇಲ್ಲದಿದ್ದರೆ ಎರಡೆರಡು ಸಲ ಕೊಂಡು ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಒಬ್ಬರಿಗೆ ಇಂತಿಷ್ಟೇ ಅಂತ ಮಿತಿ ಇರುತ್ತದೆ, ಕೋಲ್ಡ್‌ಪ್ಲೇಗೆ ಅದು ನಾಲ್ಕು.

6. ಹಣ ಕಡಿತ ಆಗಿ ಟಿಕೆಟ್ ಬರಲಿಲ್ಲವಾದರೆ ಗಾಬರಿಯಿಂದ ಮತ್ತೆ ಕಟ್ಟಬೇಡಿ. ಆ್ಯಪ್‌ನ ಬುಕಿಂಗ್ ಪಟ್ಟಿ ಮತ್ತು ಇಮೇಲ್ ನೋಡಿ. ಬುಕಿಂಗ್ ಆಗದೆ ಹೋದ ಹಣ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಖಾತೆಗೆ ವಾಪಸ್ ಬರುತ್ತದೆ.

ಸ್ಟ್ಯಾಂಡಿಂಗ್ ಟಿಕೆಟ್ ಬಗ್ಗೆ ಒಂದು ಮಾತು. ರಾತ್ರಿ ಇಡೀ ಪ್ರಯಾಣ ಮಾಡಿ, ಮಧ್ಯಾಹ್ನದಿಂದ ಬಿಸಿಲಿನಲ್ಲಿ ನಿಂತು, ಮತ್ತೆ ರಾತ್ರಿ ಹತ್ತರ ತನಕ ನಿಲ್ಲುವುದು ದೂರದಿಂದ ಹೋಗುವವರಿಗೆ ತುಂಬ ಕಷ್ಟ. ಒಂದು ದಿನ ಮುಂಚೆ ಹೋಗುವುದಾದರೆ ಸರಿ. ಅದೇ ಬೆಳಿಗ್ಗೆ ಇಳಿಯುವವರಿಗೆ ನನ್ನ ಸಲಹೆ ಕುರ್ಚಿ ಇರುವ ಟಿಕೆಟ್ಟೇ. ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾವ ವಿಭಾಗಕ್ಕೆ ಎಷ್ಟು ವಯಸ್ಸಿನ ಮಿತಿ ಅಂತ ಕೊಳ್ಳುವ ಮೊದಲೇ ಓದಿ.

ಹಂತ 6: ಟಿಕೆಟ್ ಸಿಗದಿದ್ದರೆ

ಸಂಘಟಕರು ಕಾರ್ಯಕ್ರಮ ಹತ್ತಿರ ಬಂದಾಗ ಒಂದಷ್ಟು ಟಿಕೆಟ್ ಬಿಡುವುದು ಉಂಟು. ಕೋಲ್ಡ್‌ಪ್ಲೇ 2024ರ ನವೆಂಬರ್‌ನಲ್ಲಿ 2,000 ರೂಪಾಯಿಯ 'ಇನ್ಫಿನಿಟಿ' ಟಿಕೆಟ್ ಬಿಟ್ಟಿತ್ತು. ಜೋಡಿಯಾಗಿಯೇ ಕೊಳ್ಳಬೇಕು, ಸೀಟು ಎಲ್ಲಿ ಅಂತ ಆಮೇಲೆ ತಿಳಿಯುತ್ತದೆ. ಇಂಥದ್ದು ಬರುವ ಸಾಧ್ಯತೆ ಇದ್ದರೆ ಆ್ಯಪ್‌ನಲ್ಲಿ ಸೂಚನೆ ಆನ್ ಮಾಡಿಡಿ. ಆದರೆ ಇದನ್ನು ನಂಬಿ ಮೊದಲ ಮಾರಾಟ ಬಿಡಬೇಡಿ. ಬೆಂಗಳೂರಿನವರು ಕೊನೆಯ ದಿನ ಟಿಕೆಟ್ ಸಿಕ್ಕರೂ ಮೆಟ್ರೋ ಹತ್ತಿ ಹೋಗಬಲ್ಲರು. ನಮಗೆ ಆಗ ರೈಲು ಸಿಗುವುದಿಲ್ಲ.

ರೀಸೇಲ್ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಇನ್‌ಸ್ಟಾಗ್ರಾಮ್, ಟೆಲಿಗ್ರಾಮ್, ವಾಟ್ಸಾಪ್‌ನಲ್ಲಿ "ನಾಲ್ಕು ಟಿಕೆಟ್ ಇದೆ, ಅರ್ಜೆಂಟ್" ಅನ್ನುವ ಅಪರಿಚಿತರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕ್ಯೂಆರ್ ಕೋಡಿನ ಒಂದೇ ಸ್ಕ್ರೀನ್‌ಶಾಟ್ ಹತ್ತು ಜನರಿಗೆ ಮಾರಲು ಏನೂ ಕಷ್ಟ ಇಲ್ಲ. ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರು ಒಳಗೆ, ಉಳಿದವರು ಹೊರಗೆ. ಕೋಲ್ಡ್‌ಪ್ಲೇ ಟಿಕೆಟ್ ಬೇರೆ ಜಾಲತಾಣಗಳಲ್ಲಿ ಲಕ್ಷಗಟ್ಟಲೆ ಬೆಲೆಗೆ ಕಾಣಿಸಿಕೊಂಡಾಗ ಬುಕ್‌ಮೈಶೋ ಪೊಲೀಸರಿಗೆ ದೂರು ಕೊಟ್ಟಿತ್ತು, ಅಂಥ ಟಿಕೆಟ್ ನಕಲಿ ಇರಬಹುದು ಅಂತ ಎಚ್ಚರಿಸಿಯೂ ಇತ್ತು. ನಾವು ರಾತ್ರಿಯಿಡೀ ಪ್ರಯಾಣ ಮಾಡಿ ಗೇಟಿನಿಂದ ವಾಪಸ್ ಬರುವುದು ಬೇಡ. ತೀರಾ ಪರಿಚಯದವರಿಂದ ಕೊಳ್ಳುವುದಾದರೂ, ಆ್ಯಪ್‌ನಲ್ಲೇ ಟಿಕೆಟ್ ನಿಮ್ಮ ಹೆಸರಿಗೆ ವರ್ಗಾಯಿಸಲು ಬಂದರೆ ಮಾತ್ರ ಕೊಳ್ಳಿ. ಮೋಸ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಹಂತ 7: ರೈಲು ಬುಕಿಂಗ್

ಬರೆದಿಟ್ಟ ತಾರೀಖಿನ ಬೆಳಿಗ್ಗೆ 8ಕ್ಕೆ ಕೂತುಬಿಡಿ. ಆಧಾರ್ ದೃಢೀಕರಣ ಆಗದ ಖಾತೆ ಈಗ ಉಪಯೋಗಕ್ಕೆ ಬರುವುದಿಲ್ಲ ಅಂತಲೇ ತಿಳಿಯಿರಿ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಅದು ಕಡ್ಡಾಯ. ಅದೇ ವರ್ಷದ ಅಕ್ಟೋಬರ್‌ನಿಂದ ಸಾಮಾನ್ಯ ಬುಕಿಂಗ್ ತೆರೆಯುವ ಮೊದಲ ಹೊತ್ತಿಗೂ ಕಡ್ಡಾಯ.

ಅಂಕೋಲಾ, ಕುಮಟಾ, ಗೋಕರ್ಣದವರಿಗೆ ಒಂದು ಉಪಾಯ. ರೈಲು ಎಲ್ಲಿಂದ ಹೊರಡುತ್ತದೋ ಅಲ್ಲಿಗೆ ಸೀಟಿನ ಪಾಲು ದೊಡ್ಡದು, ಮಧ್ಯದ ನಿಲ್ದಾಣಗಳಿಗೆ ಚಿಕ್ಕದು. ಪಂಚಗಂಗಾ ಹೊರಡುವುದು ಕಾರವಾರದಿಂದ. ನಿಮ್ಮ ನಿಲ್ದಾಣದಿಂದ ವೇಟಿಂಗ್ ತೋರಿಸಿದರೆ ಕಾರವಾರದಿಂದ ಟಿಕೆಟ್ ನೋಡಿ, ಬುಕ್ ಮಾಡುವಾಗಲೇ ಹತ್ತುವ ನಿಲ್ದಾಣ ಅಂತ ನಿಮ್ಮ ಊರನ್ನು ಹಾಕಿ. ಬೆಲೆಯಲ್ಲಿ ವ್ಯತ್ಯಾಸ ಅಲ್ಪ. ಹತ್ತುವ ನಿಲ್ದಾಣ ಬದಲಿಸದೆ ಸುಮ್ನೆ ಮುಂದಿನ ಊರಲ್ಲಿ ಹತ್ತಿದರೆ, ಬರಲಿಲ್ಲ ಅಂತ ಗುರುತು ಹಾಕಿ ಸೀಟು ಬೇರೆಯವರಿಗೆ ಕೊಡಬಹುದು. ಮುಂಬೈಗೆ ಮತ್ಸ್ಯಗಂಧಾದಲ್ಲೂ ಹೀಗೇ ಮಂಗಳೂರು ಅಥವಾ ಉಡುಪಿಯಿಂದ ನೋಡಬಹುದು.

ವೇಟಿಂಗ್ ಲಿಸ್ಟ್‌ನಲ್ಲಿ ಪಿಕ್ಯೂಡಬ್ಲ್ಯುಎಲ್ ಅಂತ ಇದ್ದರೆ ಅದು ಮಧ್ಯದ ಹಲವು ನಿಲ್ದಾಣಗಳಿಗೆ ಸೇರಿಸಿ ಕೊಟ್ಟ ಪಾಲಿನ ಪಟ್ಟಿ, ಖಚಿತವಾಗುವ ಸಾಧ್ಯತೆ ಕಡಿಮೆ. ಜಿಎನ್‌ಡಬ್ಲ್ಯುಎಲ್ ಅಂದರೆ ಸಾಮಾನ್ಯ ಪಟ್ಟಿ, ಅದು ಸರಿಯುವ ಸಾಧ್ಯತೆ ಹೆಚ್ಚು. ಆನ್‌ಲೈನ್ ಟಿಕೆಟ್ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ಚಾರ್ಟ್, ಅಂದರೆ ಪ್ರಯಾಣಿಕರ ಅಂತಿಮ ಪಟ್ಟಿ, ಆದಾಗ ತಾನೇ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಕೊನೆಯ ದಾರಿ ತತ್ಕಾಲ್: ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರ್‌ಗೆ 11 ಗಂಟೆ. ಕನ್ಸರ್ಟ್ ವಾರಾಂತ್ಯದಲ್ಲಿ ಇದನ್ನೇ ನಂಬಿ ಕೂರಬೇಡಿ.

ದೊಡ್ಡ ಕಾರ್ಯಕ್ರಮಕ್ಕೆ ವಿಶೇಷ ರೈಲು ಬಿಡುವುದೂ ಉಂಟು. ಅಹಮದಾಬಾದ್ ಕಾರ್ಯಕ್ರಮಕ್ಕೆ ಪಶ್ಚಿಮ ರೈಲ್ವೆ ಮುಂಬೈನಿಂದ ಬಿಟ್ಟಿತ್ತು. ಕೊಂಕಣ ಮಾರ್ಗದಲ್ಲಿ ಅದನ್ನು ನಿರೀಕ್ಷಿಸಬೇಡಿ.

ಹಂತ 8: ಕಾರ್ಯಕ್ರಮದ ದಿನ

ದೊಡ್ಡ ಬ್ಯಾಗನ್ನು ಒಳಗೆ ಬಿಡುವುದಿಲ್ಲ. ರೂಮಿನಲ್ಲೇ ಬಿಡಿ. ರೂಮು ಇಲ್ಲದವರು ರೈಲು ನಿಲ್ದಾಣದ ಕ್ಲೋಕ್ ರೂಮ್, ಅಂದರೆ ಸಾಮಾನು ಇಡುವ ಕೋಣೆ, ನೋಡಿಕೊಳ್ಳಿ. ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಚಿಕ್ಕ ಬೀಗ ಮನೆಯಿಂದಲೇ ತನ್ನಿ. ಪವರ್ ಬ್ಯಾಂಕ್, ನೀರಿನ ಬಾಟಲಿ ಬಿಡುತ್ತಾರಾ ಇಲ್ವಾ ಅನ್ನುವುದು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬೇರೆ, ಟಿಕೆಟ್ ಜೊತೆ ಬಂದ ನಿಯಮ ಓದಿ.

ಮೈದಾನದ ಒಳಗೆ ಸಾವಿರಾರು ಫೋನ್ ಸೇರಿದಾಗ ಇಂಟರ್ನೆಟ್ ನಡೆಯುವುದಿಲ್ಲ. ಟಿಕೆಟ್‌ನ ಕ್ಯೂಆರ್ ಹೋಟೆಲಿನಲ್ಲೇ ತೆರೆದು ಆಫ್‌ಲೈನ್ ಉಳಿಯುತ್ತದಾ ನೋಡಿ. ಎಲ್ಲರ ಟಿಕೆಟ್ ಒಂದೇ ಫೋನಿನಲ್ಲಿ ಬೇಡ. ಗುಂಪಿನವರು ತಪ್ಪಿಹೋದರೆ ಎಲ್ಲಿ ಸೇರಬೇಕು ಅಂತ ಒಳಗೆ ಹೋಗುವ ಮೊದಲೇ ಒಂದು ಗೇಟ್ ಗುರುತಿಸಿ.

ನಮ್ಮ ಬಯಲಾಟದ ಹಾಗೆ ಬೆಳಗಿನ ತನಕ ನಡೆಯುತ್ತದೆ ಅಂತ ನಿಧಾನವಾಗಿ ಹೋಗಬೇಡಿ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸಲು ನಿರ್ಬಂಧ ಇದೆ. ಹಾಗಾಗಿ ಹೆಚ್ಚಿನ ಕಾರ್ಯಕ್ರಮ 10ಕ್ಕೆ ಮುಗಿಯುತ್ತವೆ, ಮುಖ್ಯ ಕಲಾವಿದರು ಎಂಟರ ಸುಮಾರಿಗೇ ವೇದಿಕೆಗೆ ಬಂದಿರುತ್ತಾರೆ.

ಹಂತ 9: ವಾಪಸ್

ಅದೇ ರಾತ್ರಿ ವಾಪಸ್ ರೈಲು ಹಿಡಿಯುವ ಆಸೆ ಬಿಡಿ. ಮುಂಬೈನಿಂದ ಮಂಗಳೂರಿಗೆ ಹೋಗುವ ರಾತ್ರಿ ರೈಲು ಹನ್ನೊಂದರ ಹೊತ್ತಿಗೆ ಪನ್ವೇಲ್‌ಗೆ ಬರುತ್ತದೆ. ಹತ್ತಕ್ಕೆ ಕಾರ್ಯಕ್ರಮ ಮುಗಿದರೆ ನೆರುಳ್‌ನಿಂದ ಅರ್ಧ ಗಂಟೆ ಸಾಕಲ್ವಾ ಅನ್ನಿಸುತ್ತದೆ. ಸಾಲದು. ಗೇಟಿನಿಂದ ಹೊರಬರಲು, ನಿಲ್ದಾಣದ ಒಳಗೆ ಹೋಗಲು, ಮೊದಲ ಲೋಕಲ್ ಹತ್ತಲು ಅಷ್ಟೂ ಹೊತ್ತು ಹೋಗುತ್ತದೆ. ಬೇಗ ಹೊರಡಬೇಕು ಅಂದರೆ ಕೊನೆಯ ನಾಲ್ಕೈದು ಹಾಡು ಬಿಡಬೇಕು. ಇಷ್ಟು ದೂರ ಹೋದದ್ದು ಅದಕ್ಕಲ್ಲ. ಮರುದಿನ ಬೆಳಿಗ್ಗೆ ನೇತ್ರಾವತಿ, ಮಧ್ಯಾಹ್ನ ಮತ್ಸ್ಯಗಂಧಾ ಇದೆ. ಎರಡೂ ಪನ್ವೇಲ್‌ನಲ್ಲಿ ನಿಲ್ಲುತ್ತವೆ. ಬೆಂಗಳೂರಿನಲ್ಲೂ ರಾತ್ರಿ ಬಸ್ಸು ಬುಕ್ ಮಾಡಿ ತುಮಕೂರು ರಸ್ತೆಯ ಜಾಮ್‌ನಲ್ಲಿ ಪರದಾಡಬೇಡಿ. ಕೊನೆಯ ಮೆಟ್ರೋ ಎಷ್ಟಕ್ಕೆ, ಆ ದಿನ ಸಮಯ ವಿಸ್ತರಿಸಿದ್ದಾರಾ ಅಂತ ಬೆಳಿಗ್ಗೆಯೇ ನೋಡಿ. ವಾಪಸ್ ಟೋಕನ್‌ಗೆ ಸಾಲು ನಿಲ್ಲದ ಹಾಗೆ ಮೆಟ್ರೋ ಕಾರ್ಡಿಗೆ ಮೊದಲೇ ಹಣ ಹಾಕಿ.

ಮಧ್ಯಾಹ್ನ ಮುಂಬೈ ಬಿಡುವ ರೈಲು ನಮ್ಮ ಕಡೆ ಮುಟ್ಟುವುದು ನಡುರಾತ್ರಿ ದಾಟಿದ ಮೇಲೆ, ಎಲ್ಲರೂ ಗಾಢ ನಿದ್ದೆಯಲ್ಲಿರುವಾಗ. ಕಾರವಾರ, ಕುಮಟಾದಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಗುಂಪಿನಲ್ಲಿ ಇಬ್ಬರ ಫೋನಿನಲ್ಲಿ ಅಲಾರಂ ಇರಲಿ. ರೈಲ್ವೆ ಸಹಾಯವಾಣಿ 139ರಲ್ಲಿ ಇಳಿಯುವ ನಿಲ್ದಾಣದ ಎಚ್ಚರಿಕೆ ಕರೆಯನ್ನೂ ಕೇಳಬಹುದು. ಮಡಗಾಂವ್ ದಾಟಿದ ಕೂಡಲೇ ಬ್ಯಾಗ್ ಇಳಿಸಿಕೊಳ್ಳಿ. ಶಿರಸಿಗೆ ಹೋಗುವವರು ಆ ಹೊತ್ತಿನಲ್ಲಿ ಸಿಕ್ಕ ಗಾಡಿ ಹತ್ತಿ ಘಟ್ಟ ಏರುವ ಬದಲು ಕುಮಟಾ ನಿಲ್ದಾಣದಲ್ಲೇ ಬೆಳಕಾಗುವ ತನಕ ಕೂತು ಮೊದಲ ಬಸ್ಸು ಹಿಡಿಯಿರಿ.